ಬಾವಿ ಇಟ್ಟಂಗಿಯ ತೋಟ

ಕಳೆದ ವರ್ಷ ದೀಪಾವಳಿ ಮುಗಿದ ಮೊದಲ ಶನಿವಾರ ಬೆಳಗ್ಗೆ, ಪುಣೆಯ ವಿಮಾನ ನಗರದ ನಮ್ಮ ಮನೆಯ ಹಿತ್ತಿಲಿಗೆ ಟೆಂಪೊವೊಂದು ಐದು ಬಗೆಯ ಇಟ್ಟಿಗೆಗಳನ್ನು ತಂದು ಇಳಿಸಿತು. ಐದರಲ್ಲಿ ಒಂದೂ ನಾವು ನೋಡಿ ಬೆಳೆದ ಇಟ್ಟಿಗೆಯ ಆಕಾರದಲ್ಲಿರಲಿಲ್ಲ. ಆರಿಸಿದವಳು ನನ್ನ ಅಕ್ಕ. ಇಳಿಸುವಾಗ ಪಕ್ಕದಲ್ಲಿದ್ದು, ಅಂಚು ಒಡೆದಿದ್ದನ್ನು ವಾಪಸ್ ಟೆಂಪೊಗೆ ಹಾಕಿಸಿದವಳೂ ಅವಳೇ.

ಅಕ್ಕ ವಿಜಯಪುರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎರಡೂ ಕಾಲುಗಳಲ್ಲಿ ಶಕ್ತಿ ಉಳಿಯಲಿಲ್ಲ. ಗಾಲಿಕುರ್ಚಿಯಲ್ಲಿ ಓಡಾಡುತ್ತಾಳೆ, ಅದೂ ನಮ್ಮ ನಡಿಗೆಗಿಂತ ಜೋರಾಗಿ. ನಿವೃತ್ತಿಯ ಬಳಿಕ ಪುಣೆಗೆ, ನಮ್ಮ ಜೊತೆ ಇರಲು ಬಂದಳು. ನಮ್ಮದು ನೆಲಮಹಡಿಯ ಮನೆ. ಮನೆಯ ಹಿಂದೆ ನಮ್ಮ ಪಾಲಿಗೆ ಬಂದ ಒಂದಷ್ಟು ಜಾಗವಿದೆ. ಅಡುಗೆಮನೆಯ ಬಾಗಿಲಿನಿಂದ ಅಲ್ಲಿಗೆ ಇಳಿಜಾರು ಮಾಡಿಸಿದ್ದೆವು.

ಆ ಜಾಗದಲ್ಲಿ ಅಕ್ಕನಿಗೆ ತೋಟ ಬೇಕಿತ್ತು. ನನ್ನ ಹೆಂಡತಿ ಬೆಂಚಿನ ಮೇಲೆ ಕುಂಡಗಳನ್ನು ಜೋಡಿಸಿ ಕೊಟ್ಟಳು. ಅಕ್ಕ ಎರಡು ತಿಂಗಳು ಅವಕ್ಕೆ ನೀರು ಹಾಕಿದಳು. ಆದರೆ ಕುಂಡ ತಿರುಗಿಸಲು ನಾನು ಬೇಕು, ಮಣ್ಣು ಸಡಿಲಿಸಲು ಹೆಂಡತಿ ಬೇಕು, ಹಿಂದಿನ ಸಾಲಿನ ಕಳೆ ಕೀಳಲು ಯಾರಾದರೂ ಬೇಕು. ಒಂದು ದಿನ ಅವಳು ನೀರಿನ ಪೈಪನ್ನು ನನ್ನ ಕೈಗೆ ಕೊಟ್ಟಳು.

"ತಮ್ಮಾ, ಇನ್ನ ಮ್ಯಾಲೆ ನೀನ ಹಾಕು."

"ಯಾಕ, ಏನಾತು?"

"ಇದು ನಿಮ್ಮ ತ್ವಾಟ. ನಾ ಇಲ್ಲಿ ಆಳು. ಮಣ್ಣಿನ ಒಂದೊಂದು ಮೂಲಿನೂ ನನ್ನ ಕೈಗೆ ಸಿಗಬೇಕು. ಸಿಕ್ಕರ ಅದು ನನ್ನ ತ್ವಾಟ. ಇಲ್ಲಂದ್ರ ಬ್ಯಾಡೇ ಬ್ಯಾಡ."

ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡವನು ನನ್ನ ಅಳಿಯ. ಮೈಸೂರಿನವನು. ಖರಾಡಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ಮಗಳು ಮತ್ತು ಅವನು ಭಾನುವಾರಗಳಂದು ಊಟಕ್ಕೆ ಬರುತ್ತಾರೆ. ಒಂದು ಭಾನುವಾರ ಅವನು ಲ್ಯಾಪ್‌ಟಾಪ್ ತೆರೆದು ಕುದುರೆ ಲಾಳದ ಆಕಾರದ ಒಂದು ಚಿತ್ರ ತೋರಿಸಿದ. ಒಳಗೊಂದು ಗೋಡೆ, ಹೊರಗೊಂದು ಗೋಡೆ, ನಡುವೆ ಮಣ್ಣು. ಗೋಡೆಯ ಎತ್ತರ ಕುರ್ಚಿಯ ತೋಳಿನಷ್ಟು. ಲಾಳದ ಬಾಯಿಯಿಂದ ಕುರ್ಚಿ ಒಳಗೆ ಹೋಗುತ್ತದೆ. ಅಲ್ಲಿ ಕುಳಿತರೆ ಮೂರು ಕಡೆಯೂ ಮಣ್ಣು.

ಅಕ್ಕನ ಕೈ ಎಷ್ಟು ದೂರ ಹೋಗುತ್ತದೆ ಎಂದು ಊಟದ ಮೇಜಿನ ಮೇಲೆ ಅಳತೆಯಾಯಿತು. ಅವಳು ಮೇಜಿನ ಪಕ್ಕಕ್ಕೆ ಕುರ್ಚಿ ತಂದು ಅಡ್ಡಲಾಗಿ ಕೈ ಚಾಚಿದಳು. ಬೆರಳ ತುದಿ ಮುಟ್ಟಿದಲ್ಲಿ ಅಳಿಯ ಸೀಮೆಸುಣ್ಣದಿಂದ ಗೆರೆ ಎಳೆಯಲು ಹೋದ. ಅಕ್ಕ ಅವನ ಕೈ ಸರಿಸಿದಳು.

"ಅಲ್ಲೆ ಅಲ್ಲೋ. ಮುಟ್ಟೂದು ಬ್ಯಾರೆ, ಕೀಳೂದು ಬ್ಯಾರೆ. ನಾ ಹಿಡದು ಜಗ್ಗೂ ಅಷ್ಟು ಸಮೀಪ ಇರಬೇಕು."

ಗೆರೆ ಒಂದು ಗೇಣು ಹಿಂದೆ ಬಂತು. ಮಣ್ಣಿನ ಅಗಲ ಅಲ್ಲಿಗೆ ನಿರ್ಧಾರವಾಯಿತು.

ಇಟ್ಟಿಗೆಗಾಗಿ ಅಕ್ಕ, ಅಳಿಯ, ನಾನು ಮೂವರೂ ನಗರ್ ರೋಡಿನಲ್ಲಿ ವಾಘೋಲಿ ದಾಟಿ ಹೋದೆವು. ಅಲ್ಲೊಂದು ಇಟ್ಟಿಗೆ ಭಟ್ಟಿ, ಅಂಗಳದ ತುಂಬ ಇಟ್ಟಿಗೆಯ ಗುಡ್ಡಗಳು. ಮಾಲೀಕರು ಅಕ್ಕನನ್ನು ನೋಡಿ ನೆರಳಿಗೆ ಬನ್ನಿ ಎಂದು ಮರಾಠಿಯಲ್ಲಿ ಕರೆದರು. ಅಕ್ಕನೂ ಮರಾಠಿಯಲ್ಲೇ ಉತ್ತರ ಕೊಟ್ಟಳು. ನಾನು ಕುರ್ಚಿಯನ್ನು ಉಸುಕಿನ ಮೇಲೆ ತಳ್ಳಿದ್ದರಿಂದ ಗಾಲಿ ಹೂತಿತು. ಅವಳು ಹಿಂತಿರುಗಿ, "ಕಣ್ಣು ಎಲ್ಲೆ ಇಟ್ಟೀಯೋ ಮಾರಾಯಾ, ನನ್ನನ್ನೂ ಭಟ್ಟಿಗೆ ಹಾಕಬೇಕಂತೀ ಏನು?" ಎಂದಳು.

ಮಾಲೀಕರು ಗಟ್ಟಿಯಾಗಿ ನಕ್ಕರು. "ಅಯ್ಯ, ನೀವು ನಮ್ಮ ಕಡೀಯವ್ರೇ ಏನ್ರೀ! ನಮ್ದು ಜಮಖಂಡಿ." ಅವರ ತಂದೆ ಇಟ್ಟಿಗೆ ವ್ಯಾಪಾರಕ್ಕೆಂದು ಪುಣೆಗೆ ಬಂದವರು. ಅಕ್ಕ ಶಿಕ್ಷಕಿಯಾಗಿದ್ದವಳು ಎಂದು ಗೊತ್ತಾದ ಮೇಲೆ ಅವರು ಅವಳನ್ನು "ಅಕ್ಕೋರ" ಎಂದೇ ಕರೆದರು.

"ದುಂಡನ್ನ ಗೋಡಿ ಕಟ್ಟಬೇಕ್ರಿ," ಎಂದಳು ಅಕ್ಕ.

ಅವರು ಎರಡು ಇಟ್ಟಿಗೆ ತಂದು ಮೇಜಿನ ಮೇಲೆ ಇಟ್ಟರು. ಎರಡೂ ಬೆಣೆಯಂತೆ ಒಂದು ಕಡೆಗೆ ಸಣ್ಣಗಾಗುತ್ತಿದ್ದವು. ಅಳಿಯ ಮೊದಲನೆಯದನ್ನು ಎತ್ತಿಕೊಂಡು, "ಇದೇ ಬೇಕಾಗಿರೋದು, ಪರ್ಫೆಕ್ಟ್," ಎಂದ. ಅಕ್ಕ ಅದನ್ನು ಅವನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲೆ ಮಲಗಿಸಿದಳು. ಅದು ದಪ್ಪದಲ್ಲಿ ಸಣ್ಣಗಾಗುವ ಇಟ್ಟಿಗೆ. ಮಲಗಿಸಿದಾಗ ಮೇಲ್ಮೈ ಇಳಿಜಾರಾಗಿ ನಿಂತಿತು.

"ಇದು ಕಮಾನಿಂದು. ತಲಿ ಮ್ಯಾಲೆ ಬಾಗ್ತದ. ನಮಗ ಬೇಕಾಗಿದ್ದು ನೆಲದ ಮ್ಯಾಲೆ ಬಾಗೂದು." ಎರಡನೆಯದನ್ನು ಮಲಗಿಸಿದಳು. ಅದರ ಮೇಲ್ಮೈ ಸಪಾಟಾಗಿತ್ತು. ಅಗಲ ಮಾತ್ರ ಒಂದು ತುದಿಯಿಂದ ಇನ್ನೊಂದು ತುದಿಗೆ ಕಡಿಮೆಯಾಗಿತ್ತು.

"ಕರೆಕ್ಟ್ ಹಿಡದ್ರಿ ಅಕ್ಕೋರ. ಇದು ಬಾವಿ ಇಟ್ಟಂಗಿ," ಎಂದರು ಮಾಲೀಕರು. ತಂದೆಯ ಕಾಲದ ಅಚ್ಚುಗಳಂತೆ. ಸಣ್ಣ ಬಾವಿಗೆ ಒಂದು, ದೊಡ್ಡ ಬಾವಿಗೆ ಒಂದು. "ಈಗ ಬಾವಿ ಯಾರು ಕಟ್ಟಸ್ತಾರ್ರೀ? ಬೋರ್ ಹೊಡಸ್ತಾರ. ಖರಾಡಿ ಕಡೆ ಹೋಟೆಲ್‌ನವ್ರು ಒಯ್ತಾರ, ದುಂಡನ್ನ ಬಾರ್ ಕೌಂಟರ್ ಕಟ್ಟಲಿಕ್ಕೆ. ನೀರಿನ ಇಟ್ಟಂಗಿಗೆ ಈಗ ಬರೇ ಅದ ಕೆಲಸ. ನಿಮ್ಮ ಬಾವಿ ಎಷ್ಟು ಆಳ್ರಿ?"

"ಆಳ ಇಲ್ರಿ, ಎತ್ತರ ಅದ. ಅದೂ ಅರ್ಧ ಬಾವಿ."

"ಅರ್ಧಾ ಬಾವ್ಯಾಗ ಏನ್ ನಿಲ್ತದ್ರಿ?"

"ನಾ ಕೂಡ್ತೇನ್ರಿ."

ಮಾಲೀಕರು ಚಹಾ ತರಿಸಿದರು. ಒಳಗೋಡೆಗೆ ಸಣ್ಣ ಬಾವಿಯದು, ಹೊರಗೋಡೆಗೆ ದೊಡ್ಡ ಬಾವಿಯದು ಎಂದು ಗೊತ್ತಾಯಿತು. ಗೋಡೆಯ ಬುಡದಲ್ಲಿ ನೀರು ಬಸಿಯಲು ತೂತಿನ ಜಾಲಿ ಇಟ್ಟಿಗೆ. ಲಾಳದ ಬಾಯಿಯ ಎರಡೂ ಮೂಲೆಗಳಿಗೆ ಅಂಚು ಓರೆಯಾಗಿ ಕತ್ತರಿಸಿದ್ದು. ಕುರ್ಚಿ ಒಳಗೆ ತಿರುಗಿಸುವಾಗ ಚೂಪು ಮೂಲೆಯಿದ್ದರೆ ಗಾಲಿ ಹಿಡಿದ ಬೆರಳ ಗೆಣ್ಣು ಕಿತ್ತುಹೋಗುತ್ತದೆ. ಅಕ್ಕನ ಕೈಯಲ್ಲಿ ಅಂಥ ಗಾಯದ ಹಳೆಯ ಗುರುತುಗಳು ಬೇಕಾದಷ್ಟಿವೆ.

ಹೆಚ್ಚು ಹೊತ್ತು ಹಿಡಿದದ್ದು ಐದನೆಯದು, ಗೋಡೆಯ ತಲೆಗೆ ಹಾಕುವ ಇಟ್ಟಿಗೆ. ಮೆಟ್ಟಿಲಿನ ಅಂಚಿಗೂ ಕಿಟಕಿಯ ಬುಡಕ್ಕೂ ಬಳಸುವ, ಮೂಗು ದುಂಡಗಿರುವ ಈ ಇಟ್ಟಿಗೆಗೆ ಎಲ್ಲರೂ ಬುಲ್‌ನೋಸ್ ಎನ್ನುತ್ತಾರೆ. ಒಂದೇ ಅಂಚು ದುಂಡಗಿರುವುದೂ ಇದೆ, ಎರಡೂ ಅಂಚು ದುಂಡಗಿರುವುದೂ ಇದೆ. ಅಕ್ಕ ಕುಪ್ಪಸದ ತೋಳನ್ನು ಮೇಲೆ ಸರಿಸಿ, ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದೊಂದು ಇಟ್ಟಿಗೆಯ ಮೇಲೂ ಎಳೆದು ನೋಡಿದಳು. ಕೈಯೆಲ್ಲ ಕೆಂಪು ಪುಡಿ.

"ಅಕ್ಕೋರ, ಮಂದಿ ಇಟ್ಟಂಗಿ ಬಡದು ಸಪ್ಪಳ ಕೇಳಿ ತಗೋತಾರ. ಮೈಗೆ ತಿಕ್ಕಿ ನೋಡಿದವ್ರನ್ನ ನಾ ಇವತ್ತ ನೋಡಿದ್ದು."

"ಸಪ್ಪಳ ನೀವು ಕೇಳ್ರಿ. ಅದರ ಮ್ಯಾಲೆ ದಿನಾ ಕೈ ಊರೂದು ನಾನು."

"ಹಂಗಾರ ಒಂದ ಕಡೆ ದುಂಡಂದು ಸಾಕಲ್ರಿ, ನೀವು ಕೂಡೂ ಕಡೆ?"

"ಕೈ ಗೋಡಿ ದಾಟಿ ಮಣ್ಣಿಗೆ ಹೋಗ್ತದ್ರಿ. ಆ ಕಡೀ ಅಂಚೂ ತಾಗ್ತದ."

ಎರಡೂ ಅಂಚು ದುಂಡಗಿರುವುದೇ ಆಯಿತು. ನೋಡಲು ಅಂದವಾಗಿದ್ದ, ಗೆರೆ ಗೆರೆ ಮೈಯ ಒಂದು ಬಗೆಯನ್ನು ಅಳಿಯ ಬಹಳ ಮೆಚ್ಚಿದ್ದ. ಅದು ಅಕ್ಕನ ತೋಳಿನ ಪರೀಕ್ಷೆಯಲ್ಲಿ ನಪಾಸಾಯಿತು.

ಟೆಂಪೊ ಬಂದ ಮರುದಿನ ಭಾನುವಾರ. ಹಿತ್ತಿಲಿನ ನೆಲವನ್ನು ಮೊದಲೇ ಗಟ್ಟಿ ಮಾಡಿಸಿದ್ದೆವು. ಅಳಿಯ ಮತ್ತು ಮಗಳು ಬಾವಿ ಇಟ್ಟಿಗೆಗಳನ್ನು ಸಿಮೆಂಟಿಲ್ಲದೆ ಹಾಗೇ ಒಂದಕ್ಕೊಂದು ತಾಗಿಸಿ ಲಾಳದ ಆಕಾರದಲ್ಲಿ ಜೋಡಿಸಿದರು. ಲ್ಯಾಪ್‌ಟಾಪಿನಲ್ಲಿ ಇದ್ದಂತೆಯೇ ನೆಲದ ಮೇಲೆ ಬಂತು. ಇಟ್ಟಿಗೆಗಳ ನಡುವೆ ಪೋಸ್ಟ್‌ಕಾರ್ಡ್ ತೂರುವಷ್ಟೂ ಸಂದಿರಲಿಲ್ಲ. ಅಕ್ಕ ಒಳಗೆ ಹೋಗಿ ಕೈ ಚಾಚಿದಳು. ಹೊರಗಿನ ಇಟ್ಟಿಗೆಯ ಒಳಮೈಗೆ ಅಂಗೈ ಒತ್ತಿತು.

"ಭೇಷ್," ಎಂದಳು. ಅವಳು ತರಗತಿಯಲ್ಲಿ ಈ ಮಾತನ್ನು ಸುಲಭಕ್ಕೆ ಆಡುತ್ತಿರಲಿಲ್ಲ ಎಂದು ಅವಳ ಹಳೆಯ ವಿದ್ಯಾರ್ಥಿನಿಯರು ಹೇಳುವುದನ್ನು ಕೇಳಿದ್ದೇನೆ. ಅಳಿಯ ಮೇಲಿನಿಂದ ಫೋಟೊ ತೆಗೆದು ಮೈಸೂರಿನ ತನ್ನ ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕಿದ. ಅವನ ತಾಯಿ, "ಯಾವ ಹೋಮ? ನಮಗೆ ಹೇಳಲೇ ಇಲ್ಲ," ಎಂದು ಕೇಳಿದರು.

ಗೋಡೆ ಕಟ್ಟುವ ಗವಂಡಿ ಬಂದದ್ದು ಮುಂದಿನ ಶನಿವಾರ, ಅಳಿಯನಿಗೆ ರಜೆಯಿದ್ದ ದಿನ. ಗವಂಡಿ ಅಕ್ಕಲಕೋಟ ಕಡೆಯವನು. ಕನ್ನಡದಲ್ಲಿ ಶುರುಮಾಡಿದ ವಾಕ್ಯವನ್ನು ಮರಾಠಿಯಲ್ಲಿ ಮುಗಿಸುತ್ತಿದ್ದ. ಅವನು ಗೂಟ ಮತ್ತು ದಾರ ತೆಗೆದ. ಅಳಿಯ ಬೇಡವೆಂದ.

"ಅಣ್ಣ, ಲೈನ್ ಬೇಕಾಗಿಲ್ಲ. ಇಟ್ಟಿಗೇಲೇ ಆ್ಯಂಗಲ್ ಇದೆ. ನೀವು ಸಂದು ಮಾತ್ರ ಎಲ್ಲಾ ಕಡೆ ಒಂದೇ ಥರ ಇಡಿ, ಗೋಡೆ ತಾನಾಗೇ ತಿರುಗತ್ತೆ." ಸಂದಿನ ಅಳತೆಗೆಂದು ಪ್ಲೈವುಡ್‌ನ ಒಂದು ತುಂಡನ್ನೂ ಕತ್ತರಿಸಿ ತಂದಿದ್ದ.

ಗವಂಡಿಗೆ ಆ ತುಂಡು ಇಷ್ಟವಾಯಿತು. ಒಂದು ಇಟ್ಟಿಗೆ, ಒಂದು ಕರಣಿ ಸಿಮೆಂಟು, ಪ್ಲೈವುಡ್ ಇಟ್ಟು ತೆಗೆಯುವುದು, ಮತ್ತೊಂದು ಇಟ್ಟಿಗೆ. ಗೋಡೆ ನಿಜಕ್ಕೂ ತಾನಾಗಿಯೇ ತಿರುಗಿತು. "ಏಕದಮ್ ಮಸ್ತ್!" ಎಂದು ಅವನೂ ಫೋಟೊ ತೆಗೆದುಕೊಂಡ. ಊಟದ ಹೊತ್ತಿಗೆ ಒಳಗೋಡೆ, ಹೊರಗೋಡೆ ಎರಡರದ್ದೂ ಮೊದಲ ಸಾಲು ಮುಗಿದಿತ್ತು. ಕಡೆಯ ಇಟ್ಟಿಗೆ ಎಲ್ಲಿ ಬರಬೇಕಿತ್ತೋ ಅದಕ್ಕಿಂತ ಆಚೆ ಬಂದಿತ್ತು. ಅದನ್ನು ಯಾರೂ ಗಮನಿಸಲಿಲ್ಲ. ಹಿಂದಿನ ಭಾನುವಾರದ ಜೋಡಣೆಯನ್ನು ಎತ್ತಿಟ್ಟು ಆಗಿತ್ತು.

ಅಕ್ಕ ಒಳಗೆ ಹೋಗಿ ಕುರ್ಚಿಯನ್ನು ಗೋಡೆಯ ಪಕ್ಕಕ್ಕೆ ನಿಲ್ಲಿಸಿ ಕೈ ಚಾಚಿದಳು. ಬೆರಳುಗಳು ಹೊರಗಿನ ಇಟ್ಟಿಗೆಗೆ ಎರಡು ಬೆರಳಿನಷ್ಟು ಇತ್ತಲೇ ನಿಂತವು. ಇನ್ನೂ ಬಾಗಿದಳು. ಇನ್ನೊಂದು ಬದಿಯ ಗಾಲಿ ನೆಲ ಬಿಟ್ಟಿತು. ನನ್ನ ಹೆಂಡತಿ ಓಡಿಹೋಗಿ ಕುರ್ಚಿಯ ಹಿಡಿ ಹಿಡಿದಳು.

"ಬಿಡು. ಬಿಡು ಅಂದೆ."

ಕುರ್ಚಿ ತಿರುಗಿಸಿ ಇನ್ನೊಂದು ಕೈಯಿಂದ ನೋಡಿದಳು. ಅಲ್ಲೂ ಅದೇ.

"ಇದು ನನ್ನ ತ್ವಾಟ ಅಲ್ಲ," ಎಂದಳು.

ಅಳಿಯ ಟೇಪ್ ಹಿಡಿದು ಅಳೆದ. ಲ್ಯಾಪ್‌ಟಾಪ್ ತಂದು ಇಳಿಜಾರಿನ ಮೇಲೆ ಕುಳಿತ. ಮತ್ತೆ ಅಳೆದ.

"ದೊಡ್ಡತ್ತೆ, ಡ್ರಾಯಿಂಗ್ ಸರಿಯಾಗೇ ಇದೆ. ಇಟ್ಟಿಗೆ ಸೈಜೂ ಸರಿ ಇದೆ. ಹೆಂಗೆ ಇಷ್ಟು ದೊಡ್ಡದಾಯ್ತು ಗೊತ್ತಾಗ್ತಿಲ್ಲ."

"ಡ್ರಾಯಿಂಗ್‌ನ್ಯಾಗ ನಾ ಕೂತಿಲ್ಲೋ ಅಳಿಯಪ್ಪಾ."

ಅವಳು ಒಳಗೋಡೆಯನ್ನೇ ನೋಡುತ್ತಿದ್ದಳು. ಆಮೇಲೆ ಗವಂಡಿಯ ಕಡೆ ಕೈ ನೀಡಿ ಪ್ಲೈವುಡ್ ತುಂಡು ಕೇಳಿದಳು. ಅದನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ನೋಡಿ ನಗಲು ಶುರುಮಾಡಿದಳು. ಅವಳ ನಗು ದೊಡ್ಡದು. ಮೇಲಿನ ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಹಾಕುತ್ತಿದ್ದವರು ಬಗ್ಗಿ ನೋಡಿದರು.

"ಇದು ಎಲ್ಲದ ನಿನ್ನ ಲೆಕ್ಕದಾಗ?"

ಅಳಿಯ ತುಂಡನ್ನು ನೋಡಿದ. ಲ್ಯಾಪ್‌ಟಾಪ್ ನೋಡಿದ. ಹಣೆಗೆ ಕೈ ಹೊಡೆದುಕೊಂಡ.

ಅವನ ಚಿತ್ರದಲ್ಲಿ ಇಟ್ಟಿಗೆಗೆ ಇಟ್ಟಿಗೆ ತಾಗಿತ್ತು. ಸಿಮೆಂಟಿಗೆ ಜಾಗವೇ ಇರಲಿಲ್ಲ. ಭಾನುವಾರ ನೆಲದ ಮೇಲೆ ಜೋಡಿಸಿದಾಗಲೂ ಇರಲಿಲ್ಲ. ಈಗ ಪ್ರತಿ ಸಂದಿಗೂ ಪ್ಲೈವುಡ್ ದಪ್ಪದ ಸಿಮೆಂಟು ಸೇರಿ ಸುತ್ತು ಅಷ್ಟಷ್ಟೇ ಹಿಗ್ಗಿತ್ತು. ಹೊರಗೋಡೆಯಲ್ಲಿ ಇಟ್ಟಿಗೆ ಹೆಚ್ಚು, ಹಾಗಾಗಿ ಸಂದುಗಳೂ ಹೆಚ್ಚು. ಅದು ಒಳಗೋಡೆಗಿಂತ ಜಾಸ್ತಿ ಹಿಗ್ಗಿತು. ನಡುವಿನ ಮಣ್ಣಿನ ಜಾಗ ಅಗಲವಾಯಿತು. ಆಕಾರ ಮಾತ್ರ ಕೆಡಲಿಲ್ಲ, ಅದಕ್ಕೇ ಯಾರಿಗೂ ಸಂಶಯ ಬರಲಿಲ್ಲ.

"ಆದ್ರೆ ದೊಡ್ಡತ್ತೆ, ಭಾನುವಾರ ನೀವೇ ಭೇಷ್ ಅಂದ್ರಲ್ಲ," ಎಂದ ಅಳಿಯ.

"ಅಂದೆ. ನನಗೂ ಸೊನ್ನಿ, ನಿನಗೂ ಸೊನ್ನಿ. ಇಬ್ರೂ ಬೆಂಚ್ ಮ್ಯಾಲೆ ನಿಂದ್ರೂಣು. ನಾ ಮಾತ್ರ ಕೂತ ನಿಂದ್ರತೇನಿ."

ಗವಂಡಿ ಎರಡೂ ಗೋಡೆ ಕೀಳಲೇ ಎಂದು ಕೇಳಿದ. ಸಿಮೆಂಟು ಇನ್ನೂ ಹಸಿಯಿತ್ತು. ಅಕ್ಕ ಒಳಗೆ ಕುಳಿತಲ್ಲೇ ಕುರ್ಚಿ ತಿರುಗಿಸುತ್ತಿದ್ದಳು. ಅಳಿಯನ ಚಿತ್ರದ ಪ್ರಕಾರ ಒಳಗೆ ಹೋದ ಕುರ್ಚಿ ಹಿಮ್ಮುಖವಾಗಿ ಹೊರಗೆ ಬರಬೇಕಿತ್ತು. ಈಗ ಅದು ಎಲ್ಲಿಯೂ ತಾಗದೆ ಪೂರ್ತಿ ಒಂದು ಸುತ್ತು ತಿರುಗಿತು. ಅವಳು ನಿಲ್ಲಲಿಲ್ಲ. ಮತ್ತೊಂದು ಸುತ್ತು, ಈ ಬಾರಿ ಜೋರಾಗಿ. ಸೀರೆಯ ಸೆರಗು ಹಾರಿ ಹಸಿ ಸಿಮೆಂಟಿನ ಮೇಲೆ ಬಿತ್ತು.

"ಒಳಗಿಂದು ಮುಟ್ಟಬ್ಯಾಡ," ಎಂದಳು. "ಹೊರಗಿಂದು ಅಷ್ಟ ಎಬ್ಬಿಸು."

"ಹಂಗಾರ ಹೊರಗಿನ ಗೋಡಿ ಕುಠೇ ಆಣಾಯಚೀ?" ಹೊರಗೋಡೆ ಎಲ್ಲಿಗೆ ತರಬೇಕು ಎಂದು ಗವಂಡಿ ಕೇಳಿದ್ದು.

"ನಾ ತೋರಸ್ತೇನಿ."

ಹೊರಗೋಡೆಯ ಇಟ್ಟಿಗೆಗಳನ್ನು ಎತ್ತಿ, ಬಕೆಟ್ಟಿನ ನೀರಿನಲ್ಲಿ ತೊಳೆದು ಸಾಲಾಗಿ ಇಟ್ಟೆವು. ನಾನು, ಹೆಂಡತಿ, ಮಗಳು ಎಲ್ಲರೂ ಸೇರಿದೆವು. ಅಕ್ಕ ಒಳಗಿನ ಸುತ್ತಿನ ಪಕ್ಕದಲ್ಲಿ ಕುರ್ಚಿಯನ್ನು ಒಂದೊಂದು ಮೊಳ ಸರಿಸುತ್ತ, ಪ್ರತಿ ಸಲ ಕೈ ಚಾಚಿ ಮುಷ್ಟಿ ಹಿಡಿದು ಜಗ್ಗುವಂತೆ ಮಾಡಿ, "ಇಲ್ಲೆ," ಎನ್ನುತ್ತಿದ್ದಳು. ಗವಂಡಿ ಆ ಜಾಗದಲ್ಲಿ ರಂಗೋಲಿ ಹಿಟ್ಟಿನಿಂದ ಚುಕ್ಕೆ ಇಡುತ್ತಿದ್ದ. ಚುಕ್ಕೆಗಳನ್ನು ಸೇರಿಸಿದಾಗ ಬಂದ ಗೆರೆ ಸರಿಯಾದ ಅರ್ಧವರ್ತುಲವಾಗಿರಲಿಲ್ಲ. ಬಲಗಡೆ ಸ್ವಲ್ಪ ಉಬ್ಬಿತ್ತು. ಅಕ್ಕನ ಬಲಗೈ ಎಡಗೈಗಿಂತ ಚೂರು ದೂರ ಹೋಗುತ್ತದೆ.

"ಸಿಮೆಟ್ರಿ ಹೋಯ್ತಲ್ಲ," ಎಂದ ಅಳಿಯ.

"ನನ್ನೊಳಗ ಎಲ್ಲದ ಸಿಮೆಟ್ರಿ? ಕಪ್ಪು ಹಲಗಿ ಮ್ಯಾಲೆ ಇಷ್ಟ ವರ್ಷ ಬರದೀನಿ, ಆ ಕೈ ಉದ್ದ ಆಗೇದ."

ಈ ಸಲ ಗವಂಡಿ ಗೆರೆಯನ್ನು ನೋಡಿ ಕಟ್ಟಿದ. ಸಂದುಗಳು ಒಳಗಡೆ ಸಣ್ಣದಾಗಿ, ಹೊರಗಡೆ ಬೀಸಣಿಗೆಯಂತೆ ಅಗಲವಾಗಿ ಬಂದವು. ದೊಡ್ಡ ಬಾವಿಯ ಇಟ್ಟಿಗೆ ಕೆಲವು ಮಿಕ್ಕವು. ಪ್ಲೈವುಡ್ ತುಂಡನ್ನು ಗವಂಡಿ ತನ್ನ ಚೀಲಕ್ಕೆ ಹಾಕಿಕೊಂಡ. ಮಗರಪಟ್ಟಾದಲ್ಲಿ ಮುಂದಿನ ಕೆಲಸಕ್ಕೆ ಬೇಕೆಂದ. ನೆಟ್ಟಗಿನ ಗೋಡೆಗೆ ಅದು ಒಳ್ಳೆಯ ಸಾಧನ.

ಗೋಡೆಯ ತಲೆಯ ಮೇಲಿನ ಬುಲ್‌ನೋಸ್ ಕೂರಿಸಿದ್ದು ಕೊನೆಯ ದಿನ. ಒಂದೊಂದು ಕೂರಿಸಿದ ಮೇಲೂ ಅಕ್ಕ ತೋಳು ಎಳೆದು ನೋಡಿದಳು. ಒಂದು ಕಡೆ ಸಿಮೆಂಟಿನ ಗಂಟು ಚುಚ್ಚಿತು. ಗವಂಡಿ ಅದನ್ನು ಕಲ್ಲಿನಿಂದ ಉಜ್ಜಿ ಸಪಾಟು ಮಾಡಿದ. ಅವಳು ಮತ್ತೆ ತೋಳು ಇಟ್ಟು ತಲೆಯಾಡಿಸಿದ ಮೇಲೆಯೇ ಮುಂದಿನ ಇಟ್ಟಿಗೆ ಎತ್ತಿದ. ಸಂಜೆ ಅವನಿಗೆ ಮತ್ತು ಅಳಿಯನಿಗೆ ಅಕ್ಕ ಶೇಂಗಾ ಹೋಳಿಗೆ ಹಾಕಿಸಿದಳು. ಅಳಿಯ ಎರಡು ತಿಂದು ಸಾಕೆಂದ. ಗವಂಡಿ ಸಾಕೆನ್ನಲಿಲ್ಲ.

ಮಣ್ಣು, ಗೊಬ್ಬರ, ಒಣಗಿದ ಎಲೆ ತುಂಬಿಸಿದ್ದು ನಾವು. ಅದು ಮುಗಿದ ದಿನ ಅಕ್ಕ ನಮ್ಮೆಲ್ಲರನ್ನೂ ಅಡುಗೆಮನೆಯ ಬಾಗಿಲಿನ ಒಳಗೆ ಕಳಿಸಿದಳು. ಬಿತ್ತನೆಗೆ ಯಾರನ್ನೂ ಕರೆಯಲಿಲ್ಲ. ಮೊದಲ ಬೆಳೆ ಮೆಂತೆ ಮತ್ತು ರಾಜಗಿರಿ. ನಂತರ ವಿಜಯಪುರದಿಂದ ತರಿಸಿದ ಹಕ್ಕರಕಿ ಬೀಜ ಹಾಕಿದಳು. ಜೋಳದ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಆ ಸೊಪ್ಪು ಪುಣೆಯ ಮಂಡಿಯಲ್ಲಿ ನಮಗೆ ಸಿಕ್ಕಿರಲಿಲ್ಲ. ಮೇಲಿನ ಮಹಡಿಯವರು ಅದರ ರುಚಿ ನೋಡಿ, ಕಹಿ ಎಂದರು. ಮರುವಾರ ತಾವೇ ಕೇಳಿ ಇಸಿದುಕೊಂಡು ಹೋದರು.

ಮಳೆಗಾಲದಲ್ಲಿ ಜಾಲಿ ಇಟ್ಟಿಗೆಗಳಿಂದ ನೀರು ಸರಿಯಾಗಿ ಬಸಿಯಿತು. ಒಂದು ತೂತಿನಿಂದ ಕಪ್ಪೆಯೊಂದು ಹೊರಗೆ ನೋಡುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಬೇಸಿಗೆಯಲ್ಲಿ ಇಟ್ಟಿಗೆ ಕಾದು ಕೈ ಸುಡುತ್ತದೆ ಎಂದು ಅಕ್ಕ ಬೆಳಗ್ಗೆ ಬೇಗ ಹೋಗುತ್ತಿದ್ದಳು. ಬಾಗಿಲಿಗೆ ಬರುವ ಪೇಪರನ್ನು ಮೊದಲು ಓದುವ ನನ್ನ ಹಕ್ಕು ಆ ತಿಂಗಳುಗಳಲ್ಲಿ ಹೋಯಿತು. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಹಿತ್ತಿಲಿಗೆ ಒಯ್ಯುತ್ತಿದ್ದಳು, ಮಣ್ಣಿನ ಬೆರಳ ಗುರುತಿನೊಂದಿಗೆ ವಾಪಸ್ ಕೊಡುತ್ತಿದ್ದಳು. ಅಳಿಯನ ಕಂಪನಿಯ ಗೆಳೆಯನೊಬ್ಬ ತನ್ನ ತಂದೆಗೆ ಇಂಥದ್ದೇ ಬೇಕೆಂದು ನೋಡಲು ಬಂದಿದ್ದ. ಅಳತೆಯ ಚಿತ್ರ ಕೊಡಿ ಎಂದ. ಅಕ್ಕ, "ಮೊದಲ ನಿಮ್ಮ ಅಪ್ಪಾರ ಕೈ ಕರಕೊಂಡು ಬರ್ರಿ," ಎಂದಳು.

ಇದು ಎರಡನೆಯ ಚಳಿಗಾಲ. ಕಳೆದ ಭಾನುವಾರ ಅಕ್ಕ ಹೊರಗೋಡೆಗೆ ಒತ್ತಿ ಬೆಳೆದ ಸಾಲಿನಿಂದ ಮೂಲಂಗಿ ಕಿತ್ತಳು. ಎಡಗಡೆಯವನ್ನು ಎಡಗೈಯಿಂದ, ಬಲಗಡೆಯವನ್ನು ಬಲಗೈಯಿಂದ. ಒಂದು ನಡುವೆ ಮು​ರಿಯಿತು. ಮಣ್ಣಿನಲ್ಲಿ ಉಳಿದ ತುಂಡನ್ನು ಅವಳು ಅಗೆದು ತೆಗೆದಳು.